ಹೆಪ್ಪುಗಟ್ಟಿಸಿದ ಏಳು ಭ್ರೂಣಗಳು ಮತ್ತು ಡಾ. ಲೆಜ್ಯೂನ್

ಡೌನ್ ಸಿಂಡ್ರೋಮ್ ಇರುವ ಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರ ಸ್ಥಿತಿಗೆ ತಾಯಿಯನ್ನೋ ಮನೆತನವನ್ನೋ ದೂಷಿಸುತ್ತಿದ್ದ ಕಾಲವೊಂದಿತ್ತು. ಆ ಕಳಂಕವನ್ನು ತೊಡೆದವರಲ್ಲಿ ಫ್ರಾನ್ಸಿನ ವೈದ್ಯ ಜೆರೋಮ್ ಲೆಜ್ಯೂನ್ ಪ್ರಮುಖರು.

1926ರಲ್ಲಿ ಪ್ಯಾರಿಸ್ ಬಳಿಯ ಮೋಂಟ್ರೂಜ್‌ನಲ್ಲಿ ಜನಿಸಿದ ಅವರು, ಈ ಮಕ್ಕಳ ಜೀವಕೋಶಗಳಲ್ಲಿ 46ರ ಬದಲು 47 ವರ್ಣತಂತುಗಳಿರುವುದನ್ನು ಸಹೋದ್ಯೋಗಿಗಳೊಡನೆ 1959ರ ಜನವರಿಯಲ್ಲಿ ಪ್ರಕಟಿಸಿದರು. ಅದಕ್ಕೆ ಬೇಕಾದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದವರು ಮಾರ್ಥ್ ಗೋತಿಯೆ ಎಂಬ ವೈದ್ಯೆ. ಆಕೆಗೆ ಸಲ್ಲಬೇಕಾದ ಮನ್ನಣೆ ಬಹುಕಾಲ ಸಲ್ಲಲಿಲ್ಲವೆಂಬುದನ್ನೂ ನಾವು ಹೇಳಲೇಬೇಕು.

ಲೆಜ್ಯೂನ್ ಹಂಬಲಿಸಿದ್ದು ಚಿಕಿತ್ಸೆಗೆ. ಆದರೆ ಅದೇ ಜ್ಞಾನವು ಅಂಥ ಶಿಶುಗಳನ್ನು ಗರ್ಭದಲ್ಲಿಯೇ ಗುರುತಿಸಿ ನಿವಾರಿಸುವ ಸಾಧನವಾಯಿತು. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರು ವಿಲಿಯಂ ಆಲನ್ ಪ್ರಶಸ್ತಿ ಸ್ವೀಕರಿಸಿದರು. ಅದೇ ವೇದಿಕೆಯಿಂದ ಈ ಪ್ರವೃತ್ತಿಯನ್ನು ವಿರೋಧಿಸಿ ಮಾತನಾಡಿ, ಅನೇಕ ವಿಜ್ಞಾನಿಗಳ ಅಸಮಾಧಾನಕ್ಕೆ ಗುರಿಯಾದರು.

1989ರ ಆಗಸ್ಟ್‌ನಲ್ಲಿ ಅಮೆರಿಕದ ಟೆನ್ನೆಸಿ ರಾಜ್ಯದ ಮೇರಿವಿಲ್ ನ್ಯಾಯಾಲಯವು ಅವರ ಸಾಕ್ಷ್ಯವನ್ನು ಕೇಳಿತು. ವಿಚ್ಛೇದನಕ್ಕೆ ಬಂದಿದ್ದ ಡೇವಿಸ್ ದಂಪತಿಗಳ ಏಳು ಭ್ರೂಣಗಳನ್ನು ಶೈತ್ಯಾಗಾರದಲ್ಲಿ ಇರಿಸಲಾಗಿತ್ತು. ಅವು ಹಂಚಿಕೊಳ್ಳಬೇಕಾದ ಆಸ್ತಿಯೇ, ಮಕ್ಕಳೇ? ಫಲೀಕರಣದ ಕ್ಷಣದಲ್ಲಿಯೇ ಮತ್ತೊಬ್ಬರಿಲ್ಲದಂಥ ಒಬ್ಬ ಮಾನವನ ಸಂಪೂರ್ಣ ವಂಶವಾಹಿ ಮಾಹಿತಿ ಸಿದ್ಧವಾಗಿರುತ್ತದೆಂದು ಲೆಜ್ಯೂನ್ ವಿವರಿಸಿದರು. ನ್ಯಾಯಾಧೀಶರು ಅದನ್ನೊಪ್ಪಿ ಭ್ರೂಣಗಳನ್ನು ತಾಯಿಯ ವಶಕ್ಕೆ ನೀಡಿದರು. ಆದರೆ 1992ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ತಂದೆಯ ಪರ ತೀರ್ಪಿತ್ತಿತು.

1994ರ ಫೆಬ್ರವರಿಯಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ತಾವು ಸ್ಥಾಪಿಸಿದ ಜೀವಪರ ಅಕಾಡೆಮಿಗೆ ಲೆಜ್ಯೂನರನ್ನು ಪ್ರಥಮ ಅಧ್ಯಕ್ಷರನ್ನಾಗಿ ನೇಮಿಸಿದರು. ಕೆಲವೇ ವಾರಗಳ ನಂತರ, ಏಪ್ರಿಲ್ 3ರ ಪಾಸ್ಕ ಭಾನುವಾರದಂದು, ಕ್ಯಾನ್ಸರ್‌ಪೀಡಿತರಾಗಿದ್ದ ಅವರು ದೈವಾಧೀನರಾದರು. ಭ್ರೂಣವನ್ನೊಡೆದು ಆಕರಕೋಶಗಳನ್ನು ತೆಗೆದು ಬೆಳೆಸುವ ವಿಧಾನ ಸಾಧ್ಯವಾದದ್ದು 1998ರಲ್ಲಿ. ಅದನ್ನು ಅವರು ಕಾಣಲಿಲ್ಲ. 2001ರಲ್ಲಿ ಅಮೆರಿಕ ಸರ್ಕಾರದ ಮಾನ್ಯತೆ ಪಡೆದ ಇಂಥ ಕೋಶಸಾಲುಗಳ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮೂರು ಸಾಲುಗಳೂ ಇದ್ದವು.

2021ರ ಜನವರಿಯಲ್ಲಿ ಧರ್ಮಸಭೆಯು ಲೆಜ್ಯೂನರನ್ನು ಪೂಜ್ಯರೆಂದು ಘೋಷಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಮ್ಮ ಸಂಸತ್ತು ನೆರವಿನ ಸಂತಾನೋತ್ಪತ್ತಿ ಕಾಯ್ದೆಯನ್ನು ಅಂಗೀಕರಿಸಿತು. ಪ್ರನಾಳ ಶಿಶು ವಿಧಾನವನ್ನೇ ಧರ್ಮಸಭೆ 1987ರಲ್ಲಿ ನಿರಾಕರಿಸಿದೆ. ಆದರೂ ಸಂತಾನವಿಲ್ಲದ ನೋವಿನಲ್ಲಿ ಜಯನಗರ, ಜೆ.ಪಿ. ನಗರದ ಚಿಕಿತ್ಸಾಲಯಗಳ ಮೆಟ್ಟಿಲೇರುವವರಲ್ಲಿ ನಮ್ಮ ಕುಟುಂಬಗಳೂ ಇರಬಹುದು. ಅವರನ್ನು ನಾವು ನಿಂದಿಸಲಾರೆವು. ಆದರೆ ಸಹಿ ಹಾಕುವ ಮುನ್ನ ಅವರು ತಿಳಿದಿರಬೇಕಾದದ್ದು ಇಷ್ಟು: ಆ ಕಾಯ್ದೆಯ ಪ್ರಕಾರ ಉಳಿದ ಭ್ರೂಣಗಳನ್ನು ಹೆಚ್ಚೆಂದರೆ 10 ವರ್ಷ ಇರಿಸಬಹುದು; ಬಳಿಕ ಅವನ್ನು ನಶಿಸಲು ಬಿಡಬೇಕು, ಇಲ್ಲವೇ ದಂಪತಿಗಳ ಒಪ್ಪಿಗೆಯಿಂದ ಸಂಶೋಧನಾ ಸಂಸ್ಥೆಗೆ ಒಪ್ಪಿಸಬೇಕು.