ಮೊಳೆಯಿಲ್ಲದೆ ಮರ ಕೂಡಿಸಿದ ಜಾರ್ಜ್ ನಕಾಶಿಮಾ

ಮಕ್ಕಳೇ, ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಹಳ್ಳಿಗಳಲ್ಲಿ ಮರದ ಗಾಲಿಯ ಹಳೆಯ ಚಕ್ಕಡಿಯನ್ನು ನೀವು ನೋಡಿರಬಹುದು. ಗಾಲಿಯ ಅರಗಳನ್ನು ನಡುವಿನ ಗುಂಬಕ್ಕೆ ಮೊಳೆ ಹೊಡೆದು ಕೂಡಿಸಿರುವುದಿಲ್ಲ. ಬಡಿಗರು ಗುಂಬದಲ್ಲಿ ಉಳಿಯಿಂದ ತೂತು ಮಾಡಿ, ಅರದ ತುದಿಯನ್ನು ಅದರೊಳಗೆ ಬಿಗಿಯಾಗಿ ಕೂರಿಸುತ್ತಾರೆ. ಹಳೆಯ ಮನೆಗಳ ಬಾಗಿಲ ಚೌಕಟ್ಟಿನ ಮೂಲೆಗಳೂ ಹೀಗೆಯೇ ಕೂಡಿರುತ್ತವೆ. ಇಂಥ ಕೂಡಿಕೆಯ ವಿದ್ಯೆಯನ್ನು ಸೆರೆಯಲ್ಲಿದ್ದಾಗ ಕಲಿತು ಜಗತ್ತಿಗೇ ಹೆಸರಾದವರು ಜಾರ್ಜ್ ನಕಾಶಿಮಾ.

ನಕಾಶಿಮಾ 1905ರ ಮೇ 24ರಂದು ಅಮೆರಿಕದ ಸ್ಪೋಕೇನ್ ಊರಿನಲ್ಲಿ ಹುಟ್ಟಿದರು. ತಂದೆತಾಯಿ ಜಪಾನಿನಿಂದ ಬಂದು ನೆಲೆಸಿದವರು. ಬಾಲಕನಿಗೆ ಕಾಡಿನಲ್ಲಿ ಅಲೆಯುವುದೆಂದರೆ ಇಷ್ಟ. ಕಾಲೇಜಿನಲ್ಲಿ ಮೊದಲು ಅರಣ್ಯಶಾಸ್ತ್ರ, ನಂತರ ಕಟ್ಟಡ ವಿನ್ಯಾಸ ಓದಿದರು. ಮುಂದೆ ಜಪಾನಿನಲ್ಲಿ ಆಂಟೊನಿನ್ ರೇಮಂಡ್ ಎಂಬ ವಾಸ್ತುಶಿಲ್ಪಿಯ ಬಳಿ ಕೆಲಸಕ್ಕೆ ಸೇರಿದರು.

ಆ ಕೆಲಸವೇ ಅವರನ್ನು ಭಾರತಕ್ಕೆ ತಂದಿತು. ಪಾಂಡಿಚೇರಿಯ ಶ್ರೀ ಅರವಿಂದ ಆಶ್ರಮದಲ್ಲಿ ಗೋಲ್ಕೊಂಡೆ ಎಂಬ ಕಾಂಕ್ರೀಟ್ ವಸತಿಗೃಹ ಕಟ್ಟುವ ಹೊಣೆ ಅವರದಾಯಿತು. ಅದಕ್ಕೆ ಬೇಕಾದ ಪೀಠೋಪಕರಣಗಳನ್ನೂ ಅವರು ರೂಪಿಸಿದರು. ಅರವಿಂದರು ಅವರಿಗೆ ಸುಂದರಾನಂದ ಎಂಬ ಹೆಸರಿಟ್ಟರು.

1940ರಲ್ಲಿ ನಕಾಶಿಮಾ ಅಮೆರಿಕಕ್ಕೆ ಮರಳಿದರು. ಮರುವರ್ಷ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಆಗ ಅಮೆರಿಕ ಸರ್ಕಾರ ತನ್ನಲ್ಲೇ ಇದ್ದ ಜಪಾನಿ ಮೂಲದ ಸುಮಾರು 1 ಲಕ್ಷ 20 ಸಾವಿರ ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. 1942ರಲ್ಲಿ ನಕಾಶಿಮಾ, ಅವರ ಹೆಂಡತಿ ಮತ್ತು ಎಳೆಯ ಮಗಳು ಮೀರಾ ಐಡಹೋ ರಾಜ್ಯದ ಮಿನಿಡೋಕಾ ಶಿಬಿರ ಸೇರಬೇಕಾಯಿತು. ಈ ಅನ್ಯಾಯಕ್ಕೆ ಅಮೆರಿಕ ಕ್ಷಮೆ ಕೇಳಿದ್ದು 1988ರಲ್ಲಿ.

ಆ ಶಿಬಿರದಲ್ಲಿ ಗೆಂಟಾರೊ ಹಿಕೋಗಾವಾ ಎಂಬ ನುರಿತ ಬಡಿಗರಿದ್ದರು. ದೊಡ್ಡ ಪದವಿಗಳನ್ನು ಪಡೆದಿದ್ದ ನಕಾಶಿಮಾ ಅವರ ಶಿಷ್ಯರಾದರು. ಸಿಕ್ಕಿದ ಮರದ ತುಂಡುಗಳಿಂದಲೇ ಜಪಾನಿನ ಪರಂಪರೆಯ ಕೂಡಿಕೆಗಳನ್ನು ಕಲಿತರು.

ಮೊಳೆಗಿಂತ ಈ ಕೂಡಿಕೆ ಮೇಲು ಏಕೆ? ಮರ ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಹೆಚ್ಚು ಬದಲಾಗದು. ಕಬ್ಬಿಣದ ಮೊಳೆ ಮರದಂತೆ ಹಿಗ್ಗಿ ಕುಗ್ಗದು. ವರ್ಷಗಳು ಕಳೆದಂತೆ ಅದರ ತೂತು ಸಡಿಲವಾಗುತ್ತದೆ, ಮೊಳೆಗೆ ತುಕ್ಕು ಹಿಡಿಯುತ್ತದೆ, ಕೆಲವೊಮ್ಮೆ ಮರವೇ ಸೀಳುತ್ತದೆ. ಮರದೊಳಗೆ ಮರ ಕೂತಾಗ ಹೊರೆಯು ಮೊಳೆಯ ಸಣ್ಣ ಜಾಗದ ಮೇಲೆ ಬೀಳದೆ ಅಗಲವಾದ ಮೈಮೇಲೆ ಹಂಚಿಹೋಗುತ್ತದೆ.

1943ರಲ್ಲಿ ರೇಮಂಡ್ ಅವರ ನೆರವಿನಿಂದ ಬಿಡುಗಡೆಯಾದ ನಕಾಶಿಮಾ ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನಲ್ಲಿ ನೆಲೆಸಿ ಕಾರ್ಯಾಗಾರ ತೆರೆದರು. ಬೇರೆಯವರು ಬೇಡವೆಂದ ಬಿರುಕು ಬಿಟ್ಟ ಹಲಗೆಗಳನ್ನೂ ಅವರು ಬಳಸಿದರು. ಬಿರುಕಿಗೆ ಅಡ್ಡಲಾಗಿ ಚಿಟ್ಟೆಯ ಆಕಾರದ ಮರದ ತುಂಡನ್ನು ಬಿಗಿಯಾಗಿ ಕೂರಿಸುತ್ತಿದ್ದರು. ಅದರ ನಡು ಸಣ್ಣ, ಎರಡೂ ತುದಿ ಅಗಲ. ಹೀಗಾಗಿ ಅದು ಎರಡೂ ಬದಿಗೆ ಜಾರದೆ ಬಿರುಕನ್ನು ಹಿಡಿದು ನಿಲ್ಲಿಸುತ್ತದೆ. ಬಿರುಕಿನ ಹಲಗೆ ಚೆಲುವಾದ ಮೇಜಾಗುತ್ತಿತ್ತು. ಈ ಚಿಟ್ಟೆಯೇ ಅವರ ಗುರುತಾಯಿತು.

1964ರಲ್ಲಿ ಅವರು ಮತ್ತೆ ಭಾರತಕ್ಕೆ ಬಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗಾಗಿ ಪೀಠೋಪಕರಣಗಳನ್ನು ರೂಪಿಸಿದರು. ಕೊನೆಯ ವರ್ಷಗಳಲ್ಲಿ ಜಗತ್ತಿನ ಶಾಂತಿಗಾಗಿ ದೊಡ್ಡ ಮರದ ವೇದಿಕೆಗಳನ್ನು ಮಾಡುವ ಕೆಲಸ ಹಿಡಿದರು. ಮೊದಲನೆಯದು 1986ರಲ್ಲಿ ನ್ಯೂಯಾರ್ಕಿನ ಚರ್ಚೊಂದನ್ನು ಸೇರಿತು. ಅವರು 1990ರ ಜೂನ್ 15ರಂದು ತೀರಿಕೊಂಡರು. ಶಿಬಿರದಲ್ಲಿ ಎಳೆಗೂಸಾಗಿದ್ದ ಮೀರಾ ಬೆಳೆದು ತಂದೆಯ ಕಾರ್ಯಾಗಾರವನ್ನು ಮುನ್ನಡೆಸಿದರು. ಅವರು ಕೂಡಿಸಿದ ಶಾಂತಿ ವೇದಿಕೆಯೊಂದು ಪುದುಚೇರಿ ಬಳಿಯ ಆರೋವಿಲ್‌ನಲ್ಲಿದೆ.

ಮಾಡಿ ನೋಡಿ: ನಿಮ್ಮ ಮನೆಯ ಬಾಗಿಲು, ಮಂಚ, ಹಳೆಯ ಪೆಟ್ಟಿಗೆಗಳ ಮೂಲೆಗಳನ್ನು ಗಮನಿಸಿ. ಎಲ್ಲಿ ಮೊಳೆ ಇದೆ, ಎಲ್ಲಿ ಮರವೇ ಮರವನ್ನು ಹಿಡಿದಿದೆ? ಚಿತ್ರ ಬರೆದುಕೊಳ್ಳಿ. ಹಾಗೆ ಕೂಡಿಸುವ ಬಗೆಯನ್ನು ನಿಮ್ಮ ಊರಿನ ಬಡಿಗರಿಂದ ಕೇಳಿ ತಿಳಿಯಿರಿ.