ಮೋಸ್ಲಿ: ಧಾತುಗಳ ನಂಬರ್ ಅಳೆದ ಹುಡುಗ

ಕ್ಯಾಲ್ಸಿಯಂನ ಎಲೆಕ್ಟ್ರಾನ್ ವಿನ್ಯಾಸ ಕೇಳಿದ್ರೆ ನಮ್ಮಲ್ಲಿ ಎಲ್ಲರೂ ಥಟ್ ಅಂತ 2, 8, 8, 2 ಅಂತೀವಿ. ಒಟ್ಟು 20. ಆದ್ರೆ ಈ 20 ಎಲ್ಲಿಂದ ಬಂತು? ಪರಮಾಣುವಿನ ಒಳಗೆ ಇಣುಕಿ ಯಾರೂ ಎಣಿಸಿಲ್ಲವಲ್ಲ! ಅದನ್ನ ಅಳೆದು ತೋರಿಸಿದವನು ಹೆನ್ರಿ ಮೋಸ್ಲಿ.

ಮೋಸ್ಲಿ ಹುಟ್ಟಿದ್ದು 1887ರ ನವೆಂಬರ್ 23ರಂದು, ಇಂಗ್ಲೆಂಡಿನ ವೇಮತ್‌ನಲ್ಲಿ. ಅಪ್ಪ ಜೀವವಿಜ್ಞಾನಿ, ಆದರೆ ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಆಕ್ಸ್‌ಫರ್ಡ್‌ನಲ್ಲಿ ಭೌತಶಾಸ್ತ್ರ ಓದಿದ ಮೋಸ್ಲಿಗೆ 1910ರಲ್ಲಿ ಸಿಕ್ಕಿದ್ದು ಸೆಕೆಂಡ್ ಕ್ಲಾಸ್. ಅಲ್ಲಿಂದ ಸೀದಾ ಮ್ಯಾಂಚೆಸ್ಟರ್‌ಗೆ, ರುದರ್‌ಫರ್ಡ್ ಲ್ಯಾಬಿಗೆ ಹೋದ.

ಆಗ ಆವರ್ತ ಕೋಷ್ಟಕದಲ್ಲಿ ಧಾತುಗಳನ್ನು ಜೋಡಿಸ್ತಾ ಇದ್ದದ್ದು ಪರಮಾಣು ತೂಕದ ಮೇಲೆ. ನಂಬರ್ ಅಂದ್ರೆ ನಮ್ಮ ರೋಲ್ ನಂಬರ್ ಇದ್ದಹಾಗೆ, ಸಾಲಿನಲ್ಲಿ ಎಷ್ಟನೆಯದು ಅನ್ನೋದಷ್ಟೇ. ಆ ನಂಬರೇ ನ್ಯೂಕ್ಲಿಯಸ್‌ನ ಚಾರ್ಜ್ ಇರಬಹುದು ಅಂತ ವಾನ್ ಡೆನ್ ಬ್ರೋಕ್ ಊಹಿಸಿದ್ದ. ಊಹೆಗೆ ಪುರಾವೆ ಬೇಕಿತ್ತು.

ಮೋಸ್ಲಿ ನಿರ್ವಾತ ಕೊಳವೆಯೊಳಗೆ ಒಂದು ಪುಟ್ಟ ಟ್ರಾಲಿ ಇಟ್ಟ. ಅದರ ಮೇಲೆ ಸಾಲಾಗಿ ಬೇರೆ ಬೇರೆ ಧಾತುಗಳು. ಮೀನು ಹಿಡಿಯೋ ರೇಷ್ಮೆ ದಾರದಿಂದ ಟ್ರಾಲಿ ಎಳೆದು ಒಂದೊಂದೇ ಧಾತುವಿನ ಎಕ್ಸ್-ರೇ ಅಳೆದ. ಎಕ್ಸ್-ರೇಯ ಆವರ್ತನದ ವರ್ಗಮೂಲ ಧಾತುವಿನ ನಂಬರ್ ಜೊತೆ ನೇರ ಗೆರೆಯಲ್ಲಿ ಏರ್ತಾ ಹೋಯ್ತು. 1913ರ ಡಿಸೆಂಬರ್‌ನಲ್ಲಿ ಬಂದ ಅವನ ಮೊದಲ ಪ್ರಬಂಧದ ಸಾಲು ಶುರುವಾಗೋದೇ ಕ್ಯಾಲ್ಸಿಯಂನಿಂದ, ಮುಗಿಯೋದು ಸತುವಿನಲ್ಲಿ.

ಸುಲೇಪೇಟ, ಸೇಡಂ, ವಾಡಿ ಕಡೆಯ ನಮಗೆ ಕ್ಯಾಲ್ಸಿಯಂ ಹೊಸದಲ್ಲ. ನೆಲಕ್ಕೆ ಹಾಸೋ ಶಹಾಬಾದ್ ಕಲ್ಲು, ಸಿಮೆಂಟ್ ಫ್ಯಾಕ್ಟರಿಗೆ ಹೋಗೋ ಸುಣ್ಣದಕಲ್ಲು, ಎರಡರಲ್ಲೂ ಮುಖ್ಯವಾಗಿ ಇರೋದು ಕ್ಯಾಲ್ಸಿಯಂ ಕಾರ್ಬೊನೇಟ್. ಕೊನೆಯ 2 ಎಲೆಕ್ಟ್ರಾನ್ ಬಿಟ್ಟುಕೊಟ್ಟ ಕ್ಯಾಲ್ಸಿಯಂ, ಕಾರ್ಬೊನೇಟ್ ಜೊತೆ ಸೇರಿ ಕಲ್ಲಾಗಿದೆ. ಇದಕ್ಕೆ ಮೋಸ್ಲಿ ಲೆಕ್ಕ ಹಾಕಿ ನೋಡೋಣ. ಒಳಗಿನ ಕಕ್ಷೆಯಿಂದ ಒಂದು ಎಲೆಕ್ಟ್ರಾನ್ ಹೊರಬಿದ್ದಾಗ ಎರಡನೇ ಕಕ್ಷೆಯಿಂದ ಇನ್ನೊಂದು ಅಲ್ಲಿಗೆ ಇಳಿಯುತ್ತೆ. ಒಳಗೆ ಉಳಿದ ಒಂದು ಎಲೆಕ್ಟ್ರಾನ್ ನ್ಯೂಕ್ಲಿಯಸ್‌ನ ಚಾರ್ಜನ್ನು ಸುಮಾರು 1ರಷ್ಟು ಮರೆಮಾಡೋದರಿಂದ 20ರ ಬದಲು 19 ತಗೋಬೇಕು. ಹೈಡ್ರೋಜನ್‌ನ 10.2 ಎಲೆಕ್ಟ್ರಾನ್ ವೋಲ್ಟ್ ಅನ್ನು 19ರ ವರ್ಗದಿಂದ ಗುಣಿಸಿದ್ರೆ ಸುಮಾರು 3,680. ನಿಜವಾಗಿ ಅಳೆದರೆ ಸಿಗೋದು ಸುಮಾರು 3,690!

ಇದರಿಂದ ಹಳೇ ಗೊಂದಲವೂ ಬಗೆಹರಿತು. ನಿಕಲ್ ತೂಕ ಕೋಬಾಲ್ಟ್‌ಗಿಂತ ಕಡಿಮೆ, ಆದರೂ ಕೋಬಾಲ್ಟ್ 27, ನಿಕಲ್ 28. 1914ರಲ್ಲಿ ಅಲ್ಯೂಮಿನಿಯಂನಿಂದ ಚಿನ್ನದವರೆಗೆ ಸಾಲು ಬೆಳೆಯಿತು. ಅದರಲ್ಲಿ 43, 61, 75 ಖಾಲಿ ಅಂತಲೂ ಗೊತ್ತಾಯ್ತು.

ಅದೇ ವರ್ಷ ಮಹಾಯುದ್ಧ ಶುರುವಾದಾಗ ಮೋಸ್ಲಿ ವಿಜ್ಞಾನ ಸಮ್ಮೇಳನಕ್ಕೆ ಆಸ್ಟ್ರೇಲಿಯಾಕ್ಕೆ ಹೋಗಿದ್ದ. ವಾಪಸ್ ಬಂದು ತಾನಾಗಿಯೇ ಸೈನ್ಯದ ರಾಯಲ್ ಎಂಜಿನಿಯರ್ಸ್ ಸೇರಿದ. 1915ರ ಆಗಸ್ಟ್ 10ರಂದು ಟರ್ಕಿಯ ಗಲಿಪೋಲಿಯಲ್ಲಿ ತಲೆಗೆ ಗುಂಡು ಬಿದ್ದು ಸತ್ತ. ವಯಸ್ಸು 27. ತನ್ನ ಉಪಕರಣಗಳನ್ನು ಮತ್ತು ಹಣವನ್ನು ರಾಯಲ್ ಸೊಸೈಟಿಗೆ ಬರೆದಿಟ್ಟಿದ್ದ.

ಅವನು ಖಾಲಿ ಬಿಟ್ಟ 75ನೇ ಜಾಗಕ್ಕೆ 1925ರಲ್ಲಿ ರೀನಿಯಂ ಬಂತು, 43ಕ್ಕೆ 1937ರಲ್ಲಿ ಟೆಕ್ನೀಷಿಯಂ. 61ಕ್ಕೆ ಪ್ರೊಮೀಥಿಯಂ ಸಿಗೋ ಹೊತ್ತಿಗೆ 1945 ಆಗಿತ್ತು. ಬದುಕಿದ್ದಿದ್ರೆ ಮೋಸ್ಲಿಗೆ ಆಗ 57 ವರ್ಷ.