ಮಕ್ಕಳ ಓದನ್ನು ಅಳೆದ ಆಲ್ಫ್ರೆಡ್ ಬಿನೆ

ಬುದ್ಧಿಮತ್ತೆಯ ಪರೀಕ್ಷೆ ಎಂದೊಡನೆ ನೆನಪಾಗುವ ಹೆಸರು ಫ್ರಾನ್ಸಿನ ಆಲ್ಫ್ರೆಡ್ ಬಿನೆ (1857–1911) ಅವರದು. ನೀಸ್ ನಗರದಲ್ಲಿ ಹುಟ್ಟಿ, ಕಾನೂನು ಓದಿದ ಅವರು ಅದನ್ನು ಬಿಟ್ಟು ಮನಶ್ಶಾಸ್ತ್ರಕ್ಕೆ ಬಂದರು. ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಗಮನಿಸುತ್ತ ಮಕ್ಕಳ ಮನಸ್ಸನ್ನು ಅರಿತರು. ಕಲಿಕೆಯಲ್ಲಿ ಹಿಂದುಳಿದವರನ್ನು ಗುರುತಿಸಿ ನೆರವಾಗಲೆಂದು 1905ರಲ್ಲಿ ಸಿಮೋನ್ ಅವರೊಡನೆ ಪರೀಕ್ಷೆ ರೂಪಿಸಿದರು. ಓದಿಗೂ ಮೆಟ್ಟಿಲುಗಳನ್ನು ಗುರುತಿಸಿದರು: ಅಕ್ಷರ ಬಿಡಿಸಿ ಓದುವುದು, ತಡವರಿಸುತ್ತ ಓದುವುದು, ಸರಾಗವಾಗಿ ಓದುವುದು, ಭಾವ ತುಂಬಿ ಓದುವುದು. ಬುದ್ಧಿ ಬೆಳೆಯಬಲ್ಲದು ಎಂದು 1909ರ ಗ್ರಂಥದಲ್ಲಿ ವಾದಿಸಿದರು. ದಡ್ಡನೆಂಬ ಹಣೆಪಟ್ಟಿಯನ್ನು ಒಪ್ಪಲಿಲ್ಲ.

ಮನೆಯಲ್ಲಿ ಉರ್ದು ಆಡಿ ಶಾಲೆಯಲ್ಲಿ ಕನ್ನಡ ಓದುವ ಭೂಸನೂರಿನ ಮಗು ತಡವರಿಸಿದರೆ ನೀವೂ ಗದರಿಸಬೇಡಿ. ಪಕ್ಕದಲ್ಲಿ ಕುಳಿತು ಕೇಳಿ, ಯಾವ ಮೆಟ್ಟಿಲಲ್ಲಿದೆ ಎಂದು ತಿಳಿದು, ಮುಂದಿನದಕ್ಕೆ ಕೈಹಿಡಿದು ಹತ್ತಿಸಿ.